ಲೆತುಕಾನ ವರ್ಷಪೂರ್ತಿ ಪ್ರವಾಸ

ಹಾ ಸೆಲೋಮೋ ಎಂಬ ನಮ್ಮ ಊರಿನ ಲೆತುಕಾನಿಗೆ ಹೆಂಡತಿಯ ನೆನಪು ಬಹಳ ಕಾಡುತ್ತಿತ್ತು. ಈ ವಿಷಯ ಯಾರಿಗೂ ಗೊತ್ತಾಗಬಾರದೆಂದು ಅವನು ಪಡುತ್ತಿದ್ದ ಪಾಡು ಮಾತ್ರ ಊರಿನ ಕಣ್ಣಿಗೆಲ್ಲ ಬಿದ್ದಿತ್ತು. ಹಲ್ಲುನೋವಿರಬೇಕು ಎಂದು ಕೆಲವರು, ಕುರಿ ಕಳೆದುಕೊಂಡಿರಬೇಕು ಎಂದು ಕೆಲವರು ಮಾತಾಡಿಕೊಂಡರು. ಮದುವೆಯಾದ ಮಗಳಿರುವ ಗಂಡಸು ಹೆಂಡತಿಗಾಗಿ ಹಂಬಲಿಸಿ ಸೊರಗುತ್ತಾನೆ ಎಂದು ಊಹಿಸುವಷ್ಟು ಕೆಟ್ಟ ಬುದ್ಧಿ ನಮ್ಮ ಊರಿನವರಿಗೆ ಇರಲಿಲ್ಲ.

ಹೆಂಡತಿ ಮಾ-ಪೊಲೋಕೋ, ಅಂದರೆ ಮಗಳು ಪೊಲೋಕೋಳ ತಾಯಿ, ಇದ್ದದ್ದು ಮಲೂಟಿ ಬೆಟ್ಟಗಳ ನೆತ್ತಿಯ ಮೇಲೆ, ಥಾಬಾ-ಲೆಹ್ಲವಾ ಎಂಬ ಸ್ಕೀ ಊರಿನಲ್ಲಿ. ನಮ್ಮಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ ಹಿಮ ಬಿದ್ದದ್ದೇ ತಡ, ಗಡಿಯಾಚೆಯ ಪೇಟೆಗಳಿಂದ ಜನ ಕಾರಿನ ನೆತ್ತಿಗೆ ಉದ್ದನೆಯ ಹಲಗೆ ಬಿಗಿದುಕೊಂಡು ಬರುತ್ತಿದ್ದರು. ಆ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಜಾರಿ, ಬಿದ್ದು, ಎದ್ದು, ಮತ್ತೆ ಮೇಲಕ್ಕೆ ಹೋಗಿ ಮತ್ತೆ ಜಾರಿ, ಹೊಟ್ಟೆ ಹಸಿದು ಊಟದ ಮನೆಗೆ ನುಗ್ಗುತ್ತಿದ್ದರು. ಅವರಿಗೆ ಬ್ರೆಡ್ಡು, ಸೂಪು, ಮಾಂಸ ಬೇಯಿಸಿ ಹಾಕುವುದು ಮಾ-ಪೊಲೋಕೋಳ ಕೆಲಸ. ಅದು ಚಳಿಗಾಲದ ಕೆಲಸ ಮಾತ್ರ. ಊರಿನಲ್ಲಿ ಪೀಚ್ ಮರಗಳು ಹೂಬಿಡುವ ಹೊತ್ತಿಗೆ ಮೇಲೆ ಹಿಮ ಕರಗುತ್ತಿತ್ತು, ಅವಳು ಗಂಟು ಕಟ್ಟಿಕೊಂಡು ಇಳಿದು ಬರುತ್ತಿದ್ದಳು. ಹಾಗಾಗಿ ಲೆತುಕಾ ಪ್ರತಿ ವರ್ಷ ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಪೀಚ್ ಮರದ ಮೊಗ್ಗು ಮುಟ್ಟಿ ನೋಡುತ್ತಿದ್ದ. ಯಾರಾದರೂ ಕಂಡರೆ, ಮರಕ್ಕೆ ಹುಳ ಬಿದ್ದಿದೆ ಎಂದು ಬಯ್ಯುತ್ತಿದ್ದ.

ಈ ವರ್ಷ ಪೀಚ್ ಮರ ಹೂಬಿಟ್ಟಿತು, ಹೂ ಉದುರಿತು, ಕಾಯಿ ಕಚ್ಚಿತು. ಮಾ-ಪೊಲೋಕೋ ಬರಲಿಲ್ಲ. ಥಾಬಾ-ಲೆಹ್ಲವಾದ ಹೊಸ ಮ್ಯಾನೇಜರನಿಗೆ ಹಿಮವಿಲ್ಲದ ತಿಂಗಳುಗಳಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ಒಗ್ಗಲಿಲ್ಲ. ಇನ್ನು ಮೇಲೆ ವರ್ಷಪೂರ್ತಿ ತೆರೆದಿರುತ್ತದೆ, ಬೇಸಿಗೆಯಲ್ಲಿ ಜನ ಸೈಕಲ್ ತುಳಿಯಲಿ, ಮೀನು ಹಿಡಿಯಲಿ, ಸುಮ್ಮನೆ ಬೆಟ್ಟ ನೋಡಲಿ ಎಂದು ಅವನು ಸಾರಿದ. ಕೆಲಸದವರಲ್ಲಿ ಇಷ್ಟವಿದ್ದವರು ಉಳಿಯಬಹುದು ಎಂದ. ಮಾ-ಪೊಲೋಕೋ ಫೋನು ಮಾಡಿ ಗಂಡನನ್ನು ಕೇಳಿದಳು.

"ಪೊಲೋಕೋ ಅಪ್ಪ, ಇಲ್ಲಿ ಉಳಿಯೋರು ಉಳೀಬಹುದು ಅಂತಿದ್ದಾರೆ. ಏನ್ ಮಾಡ್ಲಿ?"

ಲೆತುಕಾ ಬಾ ಎನ್ನಲು ಬಾಯಿ ತೆರೆದ. ಆದರೆ ಪಕ್ಕದಲ್ಲೇ ನೆರೆಮನೆಯ ಪಿತ್ಸೋ ಕುಳಿತು ಕಿವಿ ನಿಮಿರಿಸಿಕೊಂಡಿದ್ದ.

"ಇಲ್ಲೆಲ್ಲ ಚೆನ್ನಾಗಿದೆ ಕಣೇ. ನಮಗೇನ್ ತೊಂದ್ರೆ? ನಿನ್ನಿಷ್ಟ," ಎಂದ.

"ಹಂಗಾದ್ರೆ ಸರಿ," ಎಂದು ಅವಳು ಫೋನಿಟ್ಟಳು. ಲೆತುಕಾ ಹೊಲಕ್ಕೆ ಹೋಗಿ ಒಂದು ಕಲ್ಲಿಗೆ ಜೋರಾಗಿ ಒದ್ದು, ಕುಂಟುತ್ತ ಮನೆಗೆ ಬಂದ.

ಕುಂಟು ವಾಸಿಯಾಗುವ ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಅವಳು ಕೆಳಗೆ ಬಾರದಿದ್ದರೆ ತಾನೇ ಮೇಲೆ ಹೋಗುವುದು. ಆದರೆ ಹೆಂಡತಿಯ ಬೆನ್ನು ಹತ್ತಿ ಬೆಟ್ಟ ಏರಿದ ಗಂಡಸು ಎಂಬ ಹೆಸರು ಬರಬಾರದು. ಹಾಗೆ ಹೆಸರು ಬಂದವನು ನಮ್ಮ ಊರಿನಲ್ಲಿ ಮುಂದೆ ಕುದುರೆ ಏರಿದರೂ ಹಿಂದಿನಿಂದ ಜನ ನಗುತ್ತಾರೆ. ಬಹಳ ಯೋಚಿಸಿ ಲೆತುಕಾ ತಾನು ಪ್ರವಾಸಿಯಾಗುವುದೆಂದು ನಿಶ್ಚಯಿಸಿದ.

ಮಾ-ಕೋಪಾನೋಳ ಮನೆಯ ಮುಂದೆ ಬಿಳಿ ಬಾವುಟ ಏರಿದರೆ ಜೋಳದ ಬಿಯರು ಹದಕ್ಕೆ ಬಂದಿದೆ ಎಂದರ್ಥ. ಈ ಮಾ-ಕೋಪಾನೋ ಬಿಯರು ಮಾರುವುದರ ಜೊತೆಗೆ ಊರಿನ ಅಂತ್ಯಸಂಸ್ಕಾರ ಸಂಘದ ಅಧ್ಯಕ್ಷೆಯೂ ಆಗಿದ್ದಳು. ಹೀಗೆ ಬದುಕಿರುವವರನ್ನೂ ಸತ್ತವರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಆ ದಿನ ಬಾವುಟ ಏರಿತ್ತು, ಬೆಂಚು ತುಂಬಿತ್ತು. ಲೆತುಕಾ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ನಾನು ಥಾಬಾ-ಲೆಹ್ಲವಾಕ್ಕೆ ಹೋಗ್ತಿದ್ದೀನಿ."

"ಕುರಿ ಹೊಡ್ಕೊಂಡಾ?" ಎಂದ ಪಿತ್ಸೋ.

"ಕುರಿ ಇಲ್ಲ. ಪ್ರವಾಸ."

ಕುರಿ ಇಲ್ಲದೆ ಬೆಟ್ಟಕ್ಕೆ ಹೋಗುವ ಮನುಷ್ಯನನ್ನು ಆ ಬೆಂಚು ಹಿಂದೆ ಕಂಡಿರಲಿಲ್ಲ. ಎಲ್ಲರೂ ಕುಡಿಯುವುದನ್ನು ನಿಲ್ಲಿಸಿದರು.

"ಎಷ್ಟು ದಿನಕ್ಕಪ್ಪ?" ಎಂದು ಮಾ-ಕೋಪಾನೋ ಕೇಳಿದಳು.

"ವರ್ಷಪೂರ್ತಿ ಭೇಟಿ. ಒಂದೊಂದು ಕಾಲಕ್ಕೆ ಒಂದೊಂದು ಸಲ. ಚಳಿಗಾಲದಲ್ಲಿ ಹಿಮದ ಮೇಲೆ ಜಾರೋದು, ವಸಂತದಲ್ಲಿ ಸೈಕಲ್ಲು, ಬೇಸಿಗೆಯಲ್ಲಿ ಮೀನು. ಎಲೆ ಉದುರೋ ಕಾಲದಲ್ಲಿ..." ಅಲ್ಲಿ ಏನು ಮಾಡುವುದೆಂದು ಅವನಿಗೆ ತೋಚಲಿಲ್ಲ. "ಎಲೆ ಉದುರೋ ಕಾಲದಲ್ಲಿ ವಿಶ್ರಾಂತಿ."

"ನಿನ್ನ ಹೆಂಡ್ತೀನೂ ಅಲ್ಲೇ ಇದ್ದಾಳಲ್ಲ?"

"ಓ! ಹೌದಲ್ಲ!" ಲೆತುಕಾ ಹಣೆ ಮುಟ್ಟಿಕೊಂಡ. "ಅವಳೂ ಅಲ್ಲೇ ಇದ್ದಾಳೆ ನೋಡು. ಪುರುಸೊತ್ತು ಸಿಕ್ರೆ ಮಾತಾಡಿಸ್ಕೊಂಡು ಬರ್ತೀನಿ."

ಪಿತ್ಸೋ ಹಿಂದಿನ ಚಳಿಗಾಲದಲ್ಲಿ ಅದೇ ಸ್ಕೀ ಊರಿನಲ್ಲಿ ಬಂದವರಿಗೆ ಹೆಲ್ಮೆಟ್ಟು, ಬೂಟು ಕೊಡುವ ಕೆಲಸ ಮಾಡಿದ್ದ. ಆ ಒಂದು ಚಳಿಗಾಲದ ಬಲದಿಂದ ಅವನು ಹಿಮದ ವಿಷಯದಲ್ಲಿ ಊರಿಗೇ ಪಂಡಿತನಾಗಿದ್ದ. ಅವನು ಲೆತುಕಾನ ತಲೆಯನ್ನು ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿ ತಲೆಯಾಡಿಸಿದ.

"ಆಗಲ್ಲ ಅಣ್ಣ. ಜಾರೋಕೂ ಹೆಲ್ಮೆಟ್ ಬೇಕು, ಸೈಕಲ್ಲಿಗೂ ಹೆಲ್ಮೆಟ್ ಬೇಕು. ಈ ಕೂದಲಿಗೆ ಅಲ್ಲಿರೋ ಯಾವ ಹೆಲ್ಮೆಟ್ಟೂ ಹಿಡಿಯಲ್ಲ. ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

"ಬಾಗಿಲಲ್ಲೇ?"

"ಬಾಗಿಲಲ್ಲೇ. ನನ್ನ ಕಣ್ಣಾರೆ ಕಂಡಿದ್ದೀನಿ."

ಲೆತುಕಾನ ಕೂದಲು ಊರಿನಲ್ಲಿ ಹೆಸರುವಾಸಿ. ಅದರೊಳಗೆ ಬಾಚಣಿಗೆ ಹೋಗುತ್ತಿರಲಿಲ್ಲ, ಹೋದದ್ದು ಬರುತ್ತಿರಲಿಲ್ಲ. ಅದಕ್ಕೆ ಕತ್ತರಿ ಬಿದ್ದದ್ದು ಅವನ ತಂದೆ ತೀರಿಕೊಂಡಾಗ ಒಮ್ಮೆ ಮಾತ್ರ. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ತಲೆ ಬೋಳಿಸುತ್ತಾರೆ, ತೋಳಿಗೆ ಕರಿಬಟ್ಟೆಯ ತುಂಡು ಹಚ್ಚಿಕೊಳ್ಳುತ್ತಾರೆ. ಇದು ಲೆತುಕಾನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಥಾಬಾ-ಲೆಹ್ಲವಾದ ಬಾಗಿಲವರೆಗೆ ಹೋಗಿ, ಒಳಗೆ ಮಾ-ಪೊಲೋಕೋ ಇರುವಾಗ, ಕೂದಲಿನ ದೆಸೆಯಿಂದ ಹಿಂತಿರುಗುವ ಚಿತ್ರ ಕಣ್ಣಿಗೆ ಕಟ್ಟಿ ಅವನ ಬುದ್ಧಿಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಆ ವಾರವೇ ಅಂಗಳದಲ್ಲಿ ಕುಳಿತು ಪಿತ್ಸೋನ ಕೈಯಲ್ಲಿ ತಲೆಯನ್ನು ನುಣ್ಣಗೆ ಬೋಳಿಸಿಕೊಂಡ.

ಆಮೇಲೆ ಪ್ರವಾಸಕ್ಕೆಂದು ಕೋಟು ತೆಗೆದರೆ ಎಡತೋಳು ಹರಿದಿತ್ತು. ಪ್ರತಿ ವರ್ಷ ಅದನ್ನು ಹೊಲಿಯುತ್ತಿದ್ದವಳು ಮಾ-ಪೊಲೋಕೋ. ಅವಳ ಹೊಲಿಗೆ ಡಬ್ಬಿ ತೆರೆದು ಹುಡುಕಿದಾಗ ತೇಪೆಗೆ ಸಿಕ್ಕಿದ್ದು ಒಂದು ಕರಿಬಟ್ಟೆಯ ತುಂಡು. ಹೊಲಿಯುತ್ತ ಬೆರಳಿಗೆ ಸೂಜಿ ಚುಚ್ಚಿಕೊಂಡು, ಬೆರಳು ಬಾಯಲ್ಲಿಟ್ಟುಕೊಂಡು, ಡಬ್ಬಿಯೊಳಗಿನ ಅವಳ ಗುಂಡಿಗಳನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದ. ಎದ್ದಾಗ ಕಣ್ಣು ಕೆಂಪಾಗಿತ್ತು. ಆ ಕೋಟು ಹಾಕಿಕೊಂಡು, ಅವಳ ಕೆಂಪು ಸ್ವೆಟರನ್ನು ಮಡಿಸಿ ಎದೆಗೊತ್ತಿಕೊಂಡು, ಇದು ಬೆಟ್ಟದ ಚಳಿಗೆ ಸಾಕೇ ಎಂದು ಕೇಳಲು ಮಾ-ಕೋಪಾನೋಳ ಮನೆಗೆ ನಡೆದ.

ಮಾ-ಕೋಪಾನೋ ಬಿಯರು ಸೋಸುತ್ತಿದ್ದಳು. ತಲೆ ಎತ್ತಿದಳು. ಬೋಳುತಲೆ ಕಂಡಳು, ತೋಳಿನ ಕರಿಬಟ್ಟೆ ಕಂಡಳು, ಸ್ವೆಟರು ಕಂಡಳು. ಕೈಯಲ್ಲಿದ್ದ ಜರಡಿ ಬಿತ್ತು.

"ಮ್ಮೆ, ಇದನ್ನ ಮಾ-ಪೊಲೋಕೋಗೆ ಹಾಕೋಣ ಅಂತ," ಎಂದ ಲೆತುಕಾ, ಹಿರಿಯ ಹೆಂಗಸನ್ನು ತಾಯಿ ಎಂದು ಕರೆಯುವ ನಮ್ಮ ರೂಢಿಯಂತೆ. "ಅಲ್ಲಿ ಬಹಳ ಚಳಿ ಅಲ್ವಾ. ಸಾಕಾಗುತ್ತಾ?"

"ಸಾಕು ನನ್ನಪ್ಪ," ಎಂದಳು ಮಾ-ಕೋಪಾನೋ ಕಷ್ಟಪಟ್ಟು. "ಧಾರಾಳವಾಗಿ ಸಾಕು. ನೀನು ಮನೆಗೆ ಹೋಗಿ ಕೂತ್ಕೋ. ಏನೂ ಯೋಚನೆ ಮಾಡ್ಬೇಡ. ಮುಂದಿನದು ನಮಗೆ ಬಿಡು."

ಲೆತುಕಾ ಅತ್ತ ಹೋಗುತ್ತಿದ್ದಂತೆ ಅವಳು ಅಂಗಳಕ್ಕೆ ಬಂದು ಬಿಳಿ ಬಾವುಟವನ್ನು ಕೆಳಗಿಳಿಸಿದಳು. ಬಾವುಟ ಅರ್ಧ ದಿನದಲ್ಲಿ ಇಳಿಯಿತೆಂದರೆ ಊರಿಗೆ ಬೇರೆ ಸುದ್ದಿ ಬೇಕಿಲ್ಲ. ಮೊನ್ನೆ ತಾನೇ ನೋಡಲು ಹೋಗುತ್ತೇನೆ ಎಂದಿದ್ದನಲ್ಲ, ಅಷ್ಟರಲ್ಲೇ ಹೀಗಾಯಿತಲ್ಲ ಎಂದು ಬಾಯಿಂದ ಬಾಯಿಗೆ ಹರಡಿತು. ತಲೆ ಬೋಳಿಸಿದ ಪಿತ್ಸೋನಿಗಾದರೂ ನಿಜ ಗೊತ್ತಿರಬೇಕಿತ್ತು. ಆದರೆ ಅವನು ಎಲ್ಲರಿಗಿಂತ ಹೆಚ್ಚು ಅತ್ತ. "ಅಯ್ಯೋ ಅಣ್ಣ, ಹೆಲ್ಮೆಟ್ಟು ಹೆಲ್ಮೆಟ್ಟು ಅಂತ ನನ್ನ ಹತ್ರಾನೂ ಮುಚ್ಚಿಟ್ಟೆಯಲ್ಲೋ!" ಎಂದು ಎದೆ ಬಡಿದುಕೊಂಡ. ಮಾ-ಪೊಲೋಕೋಗೆ ಒಂದು ಫೋನು ಮಾಡಿ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಸತ್ತವರಿಗೆ ಯಾರು ಫೋನು ಮಾಡುತ್ತಾರೆ? ಮಗಳು ಪೊಲೋಕೋ ಹಸಿ ಬಾಣಂತಿ, ಅವಳ ಕಿವಿಗೆ ಈ ಸುದ್ದಿ ಬೀಳದಂತೆ ನೋಡಿಕೊಳ್ಳಬೇಕು ಎಂದು ಹಿರಿಯರು ಕಟ್ಟಪ್ಪಣೆ ಮಾಡಿದರು.

ಇಳಿಹೊತ್ತಿಗೆ ಲೆತುಕಾನ ಅಂಗಳದಲ್ಲಿ ಊರೇ ಕುಳಿತಿತ್ತು. ಗಂಡಸರು ಕಂಬಳಿ ಹೊದ್ದು ಗೋಡೆಗೆ ಒರಗಿದ್ದರು, ಹೆಂಗಸರು ನೆಲದ ಮೇಲೆ ಕಾಲು ಚಾಚಿದ್ದರು. ಸಾವಿನ ಮನೆಯಲ್ಲಿ ಏನು, ಹೇಗೆ, ಯಾವಾಗ ಎಂದು ಕೆದಕುವುದು ನಮ್ಮಲ್ಲಿ ಒರಟುತನ. ಸುಮ್ಮನೆ ಕುಳಿತು ದುಃಖಕ್ಕೆ ಜೊತೆ ಕೊಡಬೇಕು. ಲೆತುಕಾನಿಗೆ ಮೊದಲು ಗಾಬರಿಯಾಯಿತು. ಆಮೇಲೆ ಪಿತ್ಸೋ ಬಂದು ಅವನ ಭುಜ ಅಪ್ಪಿಕೊಂಡ.

"ನಮ್ಮ ಹತ್ರ ಮುಚ್ಚಿಡಬೇಡ ಅಣ್ಣ. ನಮಗೆಲ್ಲ ಗೊತ್ತಾಗಿದೆ."

"ಗೊತ್ತಾಗಿದೆಯಾ?" ಲೆತುಕಾನ ಮುಖ ಬಿಳಿಚಿತು.

"ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ? ಗಂಡಸು ಅಂತ ಬಿಗಿ ಹಿಡಿಯಬೇಡ. ಅತ್ತುಬಿಡು."

ಲೆತುಕಾ ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ಇಷ್ಟು ದಿನ ಯಾರ ಬಾಯಿಗೆ ಹೆದರಿ ಎದೆಯೊಳಗೆ ಒತ್ತಿಟ್ಟುಕೊಂಡಿದ್ದನೋ ಅದೇ ಜನ ತನ್ನ ಹಂಬಲಕ್ಕೆ ಕಣ್ಣೀರು ಹಾಕುತ್ತ ಕುಳಿತಿದ್ದರು. ಎಂಥ ಊರು, ಎಂಥ ಜನ ಎನ್ನಿಸಿತು ಅವನಿಗೆ.

"ಊಟಕ್ಕೆ ಕೂತ್ರೆ ಎರಡು ಬಟ್ಲು ತೆಗೀತೀನಿ ಕಣ್ರೋ," ಎಂದ. "ಆಮೇಲೆ ಒಂದನ್ನ ವಾಪಸ್ ಇಡ್ತೀನಿ. ದಿನಾ ಹಿಂಗೇ. ಬಾಗಿಲು ಕಿರ್ ಅಂದ್ರೆ ಅವಳೇ ಅನ್ಸುತ್ತೆ, ನೋಡಿದ್ರೆ ಕೋಳಿ."

ಇಷ್ಟು ಹೇಳಿ ಮುಖ ಮುಚ್ಚಿಕೊಂಡು ಬಿಕ್ಕಿದ. ಅಂಗಳವೆಲ್ಲ ಅವನ ಜೊತೆ ಅತ್ತಿತು. ಅತ್ತಮೇಲೆ ಅವನಿಗೆ ಎಷ್ಟೋ ಹಗುರವಾಯಿತು.

ಅಷ್ಟರಲ್ಲಿ ಊರಿನ ಮುಖ್ಯಸ್ಥರು ಕುದುರೆಯ ಮೇಲೆ ಬಂದರು. ಸಾವಾದರೆ ಮೊದಲು ಅವರಿಗೆ ತಿಳಿಸಬೇಕು ಎಂಬುದು ಕಟ್ಟಳೆ. ಅವರಿಗೆ ದುಃಖಕ್ಕಿಂತ ಮುನಿಸು ಹೆಚ್ಚಾಗಿತ್ತು.

"ಲೆತುಕಾ, ಇಂಥಾದ್ದು ಮೊದಲು ನನಗೆ ಹೇಳ್ಬೇಕೋ ಬೇಡ್ವೋ?"

"ಹೊರಡೋ ಮುಂಚೆ ಬಂದು ಹೇಳೋಣ ಅಂತಿದ್ದೆ ಒಡೆಯ. ತಪ್ಪಾಯ್ತು."

"ಸರಿ, ಆಗಿದ್ದಾಯ್ತು. ಅಲ್ಲಿಯವರು ಎಷ್ಟು ದಿನ ಅಂತ ಇಟ್ಕೊಳ್ತಾರೆ ಅವಳನ್ನ?"

"ವರ್ಷಪೂರ್ತಿ ಇಟ್ಕೊಳ್ತಾರಂತೆ ಒಡೆಯ."

ಮುಖ್ಯಸ್ಥರು ಕುದುರೆಯ ಮೇಲಿಂದ ಜಾರುವುದರಲ್ಲಿದ್ದರು. "ವರ್ಷಪೂರ್ತಿ! ಯಾರು ಹಂಗಂದಿದ್ದು?"

"ಹೊಸ ಮ್ಯಾನೇಜರು. ಮೊದಲೆಲ್ಲ ಚಳಿಗಾಲ ಮುಗೀತಿದ್ದಂಗೆ ಕಳಿಸಿಕೊಡ್ತಿದ್ರು. ಈಗ ಹೊಸ ಪದ್ಧತಿಯಂತೆ."

"ನನ್ನ ಊರಿನ ಸೊಸೇನ ಮಂಜಿನಲ್ಲಿ ಇಟ್ಕೊಂಡು ಕೂರೋಕೆ ಅವನ್ಯಾರು?" ಮುಖ್ಯಸ್ಥರು ಚಾವಟಿ ಎತ್ತಿ ಬೆಟ್ಟದ ಕಡೆ ಬೀಸಿದರು. "ಮ್ಮೆ ಮಾ-ಕೋಪಾನೋ, ಸಂಘದ ವ್ಯಾನು ತೆಗೆಸಿ. ನಾಳೆನೇ ಹೋಗಿ ಕರ್ಕೊಂಡು ಬರ್ರಿ. ಕೊಡಲ್ಲ ಅಂದ್ರೆ ನನ್ನ ಹೆಸರು ಹೇಳಿ."

ಲೆತುಕಾನಿಗೆ ಅವರ ಕಾಲಿಗೆ ಬೀಳಬೇಕು ಎನ್ನಿಸಿತು. ವಾಹನದ ಚಿಂತೆ ತಾನಾಗಿ ಬಗೆಹರಿದಿತ್ತು. ಅದೂ ಹೆಂಡತಿಯನ್ನು ಕರೆತರಲು ಊರಿನ ಮುಖ್ಯಸ್ಥರ ಅಪ್ಪಣೆಯೊಂದಿಗೆ. ಹೀಗೆಂದು ಮೊದಲೇ ಗೊತ್ತಿದ್ದರೆ ಆ ಕಲ್ಲಿಗೆ ಒದೆಯುವ ಅಗತ್ಯವಿರಲಿಲ್ಲ ಎಂದುಕೊಂಡ.

ಚಳಿಗಾಲದಿಂದಲೂ ತನ್ನ ತಂಗಿಯ ಊರಿನಲ್ಲೇ ಇದ್ದ ಅವನ ತಾಯಿ ಸುದ್ದಿ ಕೇಳಿ ದಾರಿಯುದ್ದಕ್ಕೂ ಬೊಬ್ಬೆಯಿಡುತ್ತ ಬಂದಳು. "ನಾನು ಮುದುಕಿ ಇರುವಾಗ ಅವಳು ಹೋದಳಲ್ಲೋ! ನಾನು ಮೊದಲು ಹೋಗಬೇಕಿತ್ತಲ್ಲೋ!"

ತನ್ನ ಪ್ರವಾಸದ ಗುಟ್ಟನ್ನು ತಾಯಿಯಿಂದ ಮುಚ್ಚಿಟ್ಟದ್ದಕ್ಕೆ ಹೀಗೆ ನೊಂದಿದ್ದಾಳೆ ಎಂದು ಲೆತುಕಾ ತಿಳಿದ. "ಅಳಬೇಡಮ್ಮ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ಇಬ್ರೂ ಒಟ್ಟಿಗೇ ಹೋಗೋಣ," ಎಂದ.

ಹೆಂಗಸರು ಕಿಟಾರನೆ ಕಿರುಚಿದರು. ಮಾ-ಕೋಪಾನೋ ತಕ್ಷಣ ಮನೆಯೊಳಗಿದ್ದ ಚಾಕು, ಕೊಡಲಿ, ಹಗ್ಗಗಳನ್ನೆಲ್ಲ ಸಾಗಿಸಿದಳು.

ಮರುದಿನ ಬೆಳಿಗ್ಗೆ ಸಂಘದ ಬಿಳಿ ವ್ಯಾನು ಬಂತು. ಮುಂದಿನ ಸೀಟಿನಲ್ಲಿ ಲೆತುಕಾನನ್ನು ಕೂರಿಸಿದರು. ಅವನ ತೊಡೆಯ ಮೇಲೆ ಚೀಲ, ಚೀಲದಲ್ಲಿ ನಾಲ್ಕೂ ಕಾಲಕ್ಕೆ ಬೇಕಾದ ಬಟ್ಟೆ, ಕೆಂಪು ಸ್ವೆಟರು, ಒಂದು ಸೀಸೆ ಪೀಚ್ ಹಣ್ಣಿನ ಪಾಕ. ಹಿಂದೆ ತಾಯಿ, ಪಿತ್ಸೋ, ಮಾ-ಕೋಪಾನೋ, ಸಂಘದ ಹೆಂಗಸರು. ಮನೆಯ ಮುಂದೆ ಡೇರೆ ಎದ್ದಿತ್ತು, ಸತ್ತವಳಿಗೆ ಜೊತೆಯಾಗಲೆಂದು ನಮ್ಮಲ್ಲಿ ಕಡಿಯುವ ಹಸು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಡೇರೆ ಕಂಡು ಲೆತುಕಾನಿಗೆ, ಅವಳನ್ನು ಸ್ವಾಗತಿಸಲು ಇಷ್ಟೆಲ್ಲ ಬೇಕಿತ್ತೇ ಎಂದು ಸಂಕೋಚವಾಯಿತು.

ವ್ಯಾನು ತಿರುವು ತಿರುವಾಗಿ ಮೇಲೇರತೊಡಗಿದಂತೆ ಹೆಂಗಸರು ಕೀರ್ತನೆ ಹಾಡಿದರು. ಲೆತುಕಾನಿಗೆ ಹಾಡು ಗೊತ್ತಿತ್ತು, ಅವನೂ ದನಿಗೂಡಿಸಿದ. ಹಾಡಿನ ನಡುನಡುವೆ ಅಳು, ಅಳುವಿನ ನಡುನಡುವೆ ಗುಣಗಾನ. ಬದುಕಿದ್ದಾಗ ಮಾ-ಪೊಲೋಕೋಳ ಜೊತೆ ವರ್ಷಗಟ್ಟಲೆ ಜಗಳವಾಡಿದ್ದ ಮಾ-ಕೋಪಾನೋಳ ದನಿಯೇ ಎಲ್ಲಕ್ಕಿಂತ ಮೇಲಿತ್ತು. "ನಿನ್ನಂಥ ಕೈ ಯಾರಿಗಿತ್ತೇ ತಾಯಿ! ನಿನ್ನ ದೊಡ್ಡ ಕಬ್ಬಿಣದ ಪಾತ್ರೆ ಕಳುವಾಗಿಲ್ಲ ಕಣೇ, ನನ್ನ ಹಿತ್ತಲಲ್ಲೇ ಇದೆ ಕಣೇ!" ಎಂದು ಅವಳು ಗೋಳಾಡಿದಳು. ಲೆತುಕಾ ಹಾಡುತ್ತ ಹಾಡುತ್ತ ಕಿಟಕಿಯಿಂದ ಬೆಟ್ಟದ ತುದಿ ನೋಡಿದ. ಪ್ರತಿ ತಿರುವು ಕಳೆದಾಗಲೂ ಇನ್ನೇನು ಅವಳು ಕಂಡಾಳು ಎಂಬಂತೆ ಕತ್ತು ಚಾಚುತ್ತಿದ್ದ.

ಥಾಬಾ-ಲೆಹ್ಲವಾದಲ್ಲಿ ಹಿಮದ ಸುಳಿವಿರಲಿಲ್ಲ. ಜಾರುವ ಗುಡ್ಡ ಕಂದುಬಣ್ಣದ ಹುಲ್ಲು ಹೊದ್ದು ಬಿದ್ದುಕೊಂಡಿತ್ತು. ಜನರನ್ನು ಮೇಲಕ್ಕೆ ಎಳೆಯುವ ಯಂತ್ರದ ಹಗ್ಗದ ಮೇಲೆ ಕಾಗೆಗಳು ಕುಳಿತಿದ್ದವು. ವರ್ಷಪೂರ್ತಿ ಸ್ವಾಗತ ಎಂಬ ಹೊಸ ಫಲಕದ ಕೆಳಗೆ ಒಂದು ಕುರಿ ಮೇಯುತ್ತಿತ್ತು. ಬೇಸಿಗೆಯ ಪ್ರವಾಸಿಗಳಿಗಾಗಿ ದಾರಿ ಕಾದು ಕಾದು ಬಡವಾಗಿದ್ದ ಮ್ಯಾನೇಜರು ವ್ಯಾನಿನ ಸದ್ದು ಕೇಳಿ ಒಳಗಿಂದ ಓಡಿ ಬಂದ. ಗಡಿಯಾಚೆಯ ಯುವಕ. ವ್ಯಾನು ತುಂಬ ಜನರನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು.

"ಖೋತ್ಸೋ! ಖೋತ್ಸೋ!" ಎಂದು ನಮ್ಮ ನಮಸ್ಕಾರವನ್ನು ಹೇಳಿ ಎಲ್ಲರ ಕೈ ಕುಲುಕಿದ. "ಬನ್ನಿ ಬನ್ನಿ! ನೀವೇ ಮೊದಲನೇ ತಂಡ! ಗುಂಪಿನಲ್ಲಿ ಬಂದವರಿಗೆ ರಿಯಾಯಿತಿ ಉಂಟು!"

"ರಿಯಾಯಿತಿಯಾ?" ಮಾ-ಕೋಪಾನೋ ಸೊಂಟಕ್ಕೆ ಕೈಯಿಟ್ಟಳು. "ನಾಚಿಕೆ ಆಗಲ್ವೇನಪ್ಪ ನಿನಗೆ? ಎಲ್ಲಿಟ್ಟಿದ್ದೀಯ ಅವಳನ್ನ?"

"ಯಾರನ್ನ?"

"ಮಾ-ಪೊಲೋಕೋನ!"

"ಅಡುಗೆಮನೆಯಲ್ಲಿ," ಎಂದ ಮ್ಯಾನೇಜರು.

"ಅಡುಗೆಮನೆಯಲ್ಲಿ!" ಸಂಘದ ಹೆಂಗಸರೆಲ್ಲ ತಲೆಯ ಮೇಲೆ ಕೈಹೊತ್ತು ಒಮ್ಮೆಲೇ ಗೋಳಿಟ್ಟರು. ಇಂಥ ಅನಾಚಾರವನ್ನು ಅವರು ಕೇಳಿರಲಿಲ್ಲ.

ಆ ಗದ್ದಲಕ್ಕೆ ಅಡುಗೆಮನೆಯ ಬಾಗಿಲು ತೆರೆಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಮಾ-ಪೊಲೋಕೋ ಹೊರಗೆ ಬಂದು ನಿಂತಳು.

ಗೋಳು ನಡುವಿನಲ್ಲೇ ನಿಂತಿತು. ಪಿತ್ಸೋ ವ್ಯಾನಿನ ಕೆಳಗೆ ತೂರಿಕೊಂಡ. ಮಾ-ಪೊಲೋಕೋ ತನ್ನ ಊರಿನ ಅರ್ಧ ಜನರನ್ನು ಕಂಡಳು, ಸಂಘದ ವ್ಯಾನನ್ನು ಕಂಡಳು, ಕೊನೆಗೆ ಗಂಡನ ಬೋಳುತಲೆಯನ್ನೂ ತೋಳಿನ ಕರಿಬಟ್ಟೆಯನ್ನೂ ಕಂಡಳು. ಮನೆಯಲ್ಲಿ ಇದ್ದ ಹಿರಿಯ ಜೀವ ಒಂದೇ.

"ಅತ್ತೇ!" ಎಂದು ಚೀರಿ ನೆಲಕ್ಕೆ ಕುಸಿದಳು. "ಅಯ್ಯೋ ನನ್ನ ಅತ್ತೇ! ನನ್ನ ಬಿಟ್ಟು ಹೋದೆಯಾ ಅತ್ತೇ!"

ಯಾರಾದರೂ ಅತ್ತರೆ ಜೊತೆಗೆ ಅಳುವುದು ಸಂಘದವರಿಗೆ ಅಭ್ಯಾಸವಾಗಿ ಹೋಗಿತ್ತು. ಅವರೂ ಮತ್ತೆ ಶುರು ಮಾಡಿದರು. ಇತ್ತ ವ್ಯಾನಿನ ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿದ್ದ ಮುದುಕಿ ಹೇಗೋ ಕೋಲೂರಿ ಕೆಳಗಿಳಿದು, "ಯಾಕೇ ಕೂಗ್ತೀಯ, ಬಂದೆ ಇರೇ," ಎಂದಳು. ಆಮೇಲೆ ಸೊಸೆ ಅತ್ತೆಯನ್ನು ನೋಡಿ, ಅತ್ತೆ ಸೊಸೆಯನ್ನು ನೋಡಿ ಇಬ್ಬರೂ ಕಿರುಚಿದ ಕಿರುಚಾಟಕ್ಕೆ ಹಗ್ಗದ ಮೇಲಿನ ಕಾಗೆಗಳು ಎದ್ದು ಹೋದವು.

ಯಾರು ಸತ್ತಿದ್ದಾರೆ, ಯಾರು ಸತ್ತಿಲ್ಲ ಎಂದು ಇತ್ಯರ್ಥವಾಗಲು ಸಾಕಷ್ಟು ಹೊತ್ತು ಹಿಡಿಯಿತು. ಪಿತ್ಸೋನನ್ನು ಕಾಲು ಹಿಡಿದು ವ್ಯಾನಿನ ಕೆಳಗಿಂದ ಎಳೆದರು. ಅವನು ಹೆಲ್ಮೆಟ್ಟಿನ ಕಥೆ ಹೇಳಿದ. ಲೆತುಕಾ ತೇಪೆಯ ಕಥೆ ಹೇಳಿದ. ಮಾ-ಕೋಪಾನೋ ಎಲ್ಲವನ್ನೂ ಕೇಳಿದಳು. ಅವಳ ಸಂಘದ ಇತಿಹಾಸದಲ್ಲಿ ಯಾವ ಹೆಣವೂ ಅವಳನ್ನು ಹೀಗೆ ಕೈಬಿಟ್ಟಿರಲಿಲ್ಲ.

"ಅಲ್ಲಯ್ಯ ಲೆತುಕಾ," ಎಂದಳು. "ತಲೆ ಹೆಲ್ಮೆಟ್ಟಿಗೆ ಬೋಳಿಸಿದೆ, ಒಪ್ಪಿದೆ. ಬಟ್ಟೆ ಹರಿದಿತ್ತು, ಅದನ್ನೂ ಒಪ್ಪಿದೆ. ನಿನ್ನೆ ಅಂಗಳದಲ್ಲಿ ಕೂತು ಅಷ್ಟು ಅತ್ತೆಯಲ್ಲ, ಅದು ಯಾರು ಸತ್ತಿದ್ದಕ್ಕೆ?"

ಎಲ್ಲರೂ ಲೆತುಕಾನನ್ನು ನೋಡಿದರು. ಮಾ-ಪೊಲೋಕೋಳೂ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನೋಡಿದಳು. ಲೆತುಕಾ ಜಾರುವ ಗುಡ್ಡದ ಕಡೆ ತಿರುಗಿದ. ಮೀನು, ಸೈಕಲ್ಲು, ವಿಶ್ರಾಂತಿ, ಪ್ರವಾಸ ಎಲ್ಲ ನಾಲಿಗೆಯ ತುದಿಗೆ ಬಂದವು. ಆ ಒಣ ಹುಲ್ಲಿನ ಗುಡ್ಡದ ಮುಂದೆ ನಿಂತು ಅವುಗಳಲ್ಲಿ ಒಂದನ್ನೂ ಹೇಳಲು ಅವನಿಗೆ ಮುಖವಿರಲಿಲ್ಲ.

"ಯಾರೂ ಸತ್ತಿರ್ಲಿಲ್ಲ," ಎಂದ. "ಇವಳು ಮನೇಲಿಲ್ಲ ಅಂತ ಅತ್ತೆ."

ಯಾರೂ ನಗಲಿಲ್ಲ. ಅದೇ ಕಾರಣಕ್ಕೆ ತಾವೂ ಅವನೊಡನೆ ಕುಳಿತು ಅತ್ತದ್ದು ಎಂಬುದು ಒಬ್ಬೊಬ್ಬರಿಗೂ ಮೆಲ್ಲಗೆ ತಿಳಿಯತೊಡಗಿತ್ತು.

ಮಾ-ಪೊಲೋಕೋಗೆ ಮಾತ್ರ ಸಿಟ್ಟು ಬಂದಿತ್ತು. "ಈ ಮಾತನ್ನ ಫೋನಲ್ಲಿ ಹೇಳೋಕೆ ಏನಾಗಿತ್ತು ನಿನಗೆ? ಏನ್ ಮಾಡ್ಲಿ ಅಂತ ಕೇಳ್ದೆ. ಬಾ ಅಂತ ಒಂದು ಮಾತು ಅಂದಿದ್ರೆ ಅವತ್ತೇ ಗಂಟು ಕಟ್ತಿದ್ದೆ. ಗಂಟು ಕಟ್ಟೇ ಫೋನ್ ಮಾಡಿದ್ದೆ! ಇಲ್ಲೆಲ್ಲ ಚೆನ್ನಾಗಿದೆ, ನಮಗೇನ್ ತೊಂದ್ರೆ ಅಂದ್ಯಲ್ಲ. ನಾನಿಲ್ದೆ ಎಲ್ಲ ಚೆನ್ನಾಗಿರೋ ಮನೆಗೆ ನಾನ್ಯಾಕೆ ಬರ್ಲಿ ಅಂತ, ಇಲ್ಲೇ ಉಳೀತೀನಿ ಅಂದ್ಬಿಟ್ಟೆ."

"ಪಿತ್ಸೋ ಪಕ್ಕದಲ್ಲಿದ್ದ ಕಣೇ," ಎಂದ ಲೆತುಕಾ ಸಣ್ಣ ದನಿಯಲ್ಲಿ.

"ಈಗ ಊರೇ ಪಕ್ಕದಲ್ಲಿದೆ. ಹೇಳು."

ಲೆತುಕಾ ಬೋಳುತಲೆಯ ಮೇಲೆ ಕೈಯಾಡಿಸಿದ. ತಾಯಿಯನ್ನು ನೋಡಿದ, ಪಿತ್ಸೋನನ್ನು ನೋಡಿದ, ಏನೂ ಅರ್ಥವಾಗದೆ ನಿಂತಿದ್ದ ಮ್ಯಾನೇಜರನನ್ನು ನೋಡಿದ.

"ಮನೆಗೆ ಬಾ," ಎಂದ.

"ಕೇಳಿಸ್ಲಿಲ್ಲ."

"ಮನೆಗೆ ಬಾ, ಮಾ-ಪೊಲೋಕೋ! ನೀನಿಲ್ದೆ ಚೆನ್ನಾಗಿಲ್ಲ! ಏನೂ ಚೆನ್ನಾಗಿಲ್ಲ!" ಬೆಟ್ಟ ಆ ಮಾತನ್ನು ಇನ್ನೊಮ್ಮೆ ಹೇಳಿತು.

ಅವಳ ಮುಖ ಅರಳಿತು, ಒಡನೆಯೇ ಬಾಡಿತು. "ಕ್ರಿಸ್ಮಸ್ಸಿಗೆ ಬರ್ತೀನಿ," ಎಂದಳು. "ಅಲ್ಲೀತನಕ ಇರ್ತೀನಿ ಅಂತ ಇವರಿಗೆ ಮಾತು ಕೊಟ್ಟಾಗಿದೆ. ಅಡುಗೆಯ ಇನ್ನೊಬ್ಬಳು ಹೆರಿಗೆಗೆ ಹೋಗಿದ್ದಾಳೆ. ಬಿಟ್ಟು ಬಂದ್ರೆ ಒಲೆ ಹಚ್ಚೋರಿಲ್ಲ."

"ಯಾರಿಗೇ ಅಡುಗೆ? ಇಲ್ಲಿ ನೊಣಾನೂ ಇಲ್ಲ," ಎಂದಳು ಮಾ-ಕೋಪಾನೋ.

"ಅದೇ ಅಕ್ಕ. ದಿನಾ ಬ್ರೆಡ್ ಸುಡ್ತೀನಿ, ಕಿಟಕೀಲಿ ದಾರಿ ನೋಡ್ತೀನಿ, ಸಂಜೆಗೆ ನಾವೇ ತಿಂತೀವಿ. ಇವತ್ತಾದ್ರೂ ತಿನ್ನೋರು ಬಂದ್ರಲ್ಲ, ಒಳಗೆ ಬನ್ನಿ."

ಎಲ್ಲರೂ ಒಳಗೆ ಹೋಗಿ, ಸತ್ತವಳ ಕೈಯಿಂದಲೇ ಅವಳ ತಿಥಿಯ ಊಟ ಮಾಡಿದರು. ಮ್ಯಾನೇಜರು ಮೊದಲ ತಂಡದ ಫೋಟೋ ತೆಗೆದ. ಮಾ-ಪೊಲೋಕೋ ಎಲ್ಲರಿಗೂ ಬಡಿಸಿ, ಕೊನೆಗೆ ಗಂಡನ ಪಕ್ಕ ಕುಳಿತಳು. ಅವನು ತಿನ್ನುವುದನ್ನು ಅವಳು ನೋಡಿದಳು, ಅವಳು ನೋಡುತ್ತಿದ್ದಾಳೆಂದು ಅವನು ಇನ್ನೂ ತಿಂದ. ಮಾ-ಕೋಪಾನೋ ಎದ್ದು ನಿಂತು ತನ್ನ ತೀರ್ಪು ಹೇಳಿದಳು: "ನೋಡಮ್ಮ ಮಾ-ಪೊಲೋಕೋ, ಡೇರೆ ಹಾಕಾಗಿದೆ, ಹಾಡು ಹಾಡಾಗಿದೆ, ವ್ಯಾನು ತಂದಾಗಿದೆ. ಸಂಘ ಒಬ್ಬರಿಗೆ ಒಂದೇ ಸಲ ಮಾಡೋದು. ಇನ್ನು ಮೇಲೆ ನೀನು ಸಾಯೋ ಹಂಗಿಲ್ಲ."

"ಸಾಯಲ್ಲ ಅಕ್ಕ," ಎಂದು ಅವಳು ಒಪ್ಪಿಕೊಂಡಳು.

ಬಿಸಿಲು ಇಳಿಯುವ ಮೊದಲು ಕಣಿವೆ ದಾಟಬೇಕಿತ್ತು. ಎಲ್ಲರೂ ವ್ಯಾನು ಹತ್ತಿದರು. ಬಂದವರನ್ನು ಬಾಗಿಲಿನಿಂದಲೇ ಬೀಳ್ಕೊಡುವುದು ನಮ್ಮಲ್ಲಿಲ್ಲ. ದಾರಿಯಲ್ಲಿ ಒಂದಷ್ಟು ದೂರ ಜೊತೆಗೆ ನಡೆದು ಬಿಟ್ಟು ಬರಬೇಕು. ಮಾ-ಪೊಲೋಕೋ ಏಪ್ರನ್ನು ಬಿಚ್ಚಿ, ಗಂಡ ತಂದಿದ್ದ ಕೆಂಪು ಸ್ವೆಟರು ಹಾಕಿಕೊಂಡು ಅವನ ಜೊತೆ ಹೊರಟಳು. ಇಬ್ಬರೂ ಮುಂದೆ ನಡೆದರು, ವ್ಯಾನು ಹಿಂದೆ ತೆವಳಿತು. ಮೊದಲ ತಿರುವಿನಲ್ಲಿ ವ್ಯಾನು ನಿಂತಿತು. ಲೆತುಕಾ ಹತ್ತಲಿಲ್ಲ.

"ಇಷ್ಟು ದೂರ ಬಂದಿದ್ದಾಳೆ, ಒಬ್ಬಳನ್ನೇ ಹೆಂಗೆ ವಾಪಸ್ ಕಳಿಸ್ಲಿ?" ಎಂದು ಡ್ರೈವರನಿಗೆ ಹೇಳಿ, ಅವಳನ್ನು ಬಿಟ್ಟುಬರಲು ಮೇಲಕ್ಕೆ ನಡೆದ. ಫಲಕದ ಹತ್ತಿರ ಅವಳನ್ನು ಬಿಟ್ಟ. ಅತಿಥಿಯನ್ನು ಒಂಟಿಯಾಗಿ ಕಳಿಸುವುದು ಅವಳಿಗೂ ಸರಿಕಾಣಲಿಲ್ಲ. ಅವಳು ಮತ್ತೆ ತಿರುವಿನವರೆಗೆ ಬಂದಳು. ಆಗ ಅವನಿಗೆ ಮತ್ತೆ ಸಂಕಟವಾಯಿತು.

ಹೀಗೆ ಅವರು ಎಷ್ಟು ಸಲ ಹೋಗಿ ಬಂದರೋ. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಮ್ಮೆ, ಇಲ್ಲಿ ಯಾರು ಯಾರನ್ನ ಕಳಿಸ್ತಿದ್ದಾರೆ?" ಎಂದು ಕೇಳಿದ.

ಮಾ-ಕೋಪಾನೋ ಹಿಂತಿರುಗಿ ನೋಡಿದಳು. ಕ್ರಿಸ್ಮಸ್ಸು ಇನ್ನೂ ಬಹಳ ದೂರವಿತ್ತು.

"ಎಂಜಿನ್ ಆರಿಸಪ್ಪ," ಎಂದಳು.

ಹೆಂಗಸರು ಕೆಳಗಿಳಿದು ರಸ್ತೆಯ ಬದಿಯ ಹುಲ್ಲಿನ ಮೇಲೆ ಕಂಬಳಿ ಹಾಸಿ ಕುಳಿತರು. ಮೇಲೆ, ಫಲಕದ ಹತ್ತಿರ, ಅವರಿಬ್ಬರೂ ಒಂದು ಗಳಿಗೆ ನಿಂತು, ಮತ್ತೆ ಕೆಳಕ್ಕೆ ತಿರುಗಿದರು.